ರಾಯವ್ವನ ಕಣ್ಣು, ಗೋಕಾಕದ ಮಷೀನು

ಮೂಡಲಗಿಯ ಹೊರಗಿನ ತೋಟದ ಮನೆಗೆ ಸೊಸೆಯಾಗಿ ಬಂದ ಮೇಲೆ ರಾಯವ್ವ ಪೆಟ್ಟು ತಿನ್ನದ ವಾರವಿರಲಿಲ್ಲ. ರೊಟ್ಟಿ ಸೀದರೆ ಗಂಡ ಭೀಮಶಿ ಹೊಡೆಯುತ್ತಿದ್ದ. ಅವನು ಊರಲ್ಲಿಲ್ಲದ ದಿನ ಅತ್ತೆ ಕಾಡವ್ವ ಆ ಕೆಲಸ ಬಾಕಿ ಉಳಿಸುತ್ತಿರಲಿಲ್ಲ. ರಾಯವ್ವ ಸೆರಗು ಮುಂದಕ್ಕೆಳೆದುಕೊಂಡು ಸುಮ್ಮನಿದ್ದುಬಿಡುತ್ತಿದ್ದಳು. ಅಂಥವಳು ಒಂದು ಸಲ ಬಾಯಿ ಬಿಟ್ಟಳು.

೨೦೦೧ರ ಮಳೆಗಾಲ ಮುಗಿದಿತ್ತು. ಕಾಲುವೆ ನೀರಿನ ಪಾಳಿಗಾಗಿ ಜಗಳ ಹತ್ತಿ, ಭೀಮಶಿಯ ಅಣ್ಣ ಉದ್ದಪ್ಪ ಬಾಜೂ ಹೊಲದ ಮುದುಕ ಬಾಪುಸಾಹೇಬನನ್ನು ಕೊಡಲಿಯಿಂದ ಕಡಿದ. ಮೊದಲ ಏಟು ಹೆಗಲಿಗೆ, ಎರಡನೆಯದು ಕುತ್ತಿಗೆಗೆ. ಮುದುಕ ಬದುವಿನ ಮೇಲೆ ಮಂಡಿಯೂರಿ ಎರಡೂ ಕೈಯಿಂದ ಕುತ್ತಿಗೆ ಒತ್ತಿ ಹಿಡಿದ. ಬೆರಳ ಸಂದಿಯಿಂದ ರಕ್ತ ಚಿಮ್ಮಿತು. ಬಾವಿಯ ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದ ರಾಯವ್ವನಿಗೂ ಆ ಬದುವಿಗೂ ನಡುವೆ ಮೊಣಕಾಲೆತ್ತರದ ಶೇಂಗಾ ಬಿಟ್ಟರೆ ಏನೂ ಅಡ್ಡವಿರಲಿಲ್ಲ. ಅವಳು ಎಲ್ಲವನ್ನೂ ನೋಡಿದಳು. ಮನೆಯವರು ಬಾಯಿ ಮುಚ್ಚಿಸುವ ಮೊದಲೇ ಫೌಜದಾರನ ಮುಂದೆ ಭಾವನ ಹೆಸರು ಹೇಳಿಬಿಟ್ಟಳು.

ಮುದುಕ ಬದುಕಲಿಲ್ಲ. ಬೇರೆ ಸಾಕ್ಷಿ ಯಾರೂ ಇರಲಿಲ್ಲ. ಈ ಹೆಂಗಸಿಗೆ ದೂರದ್ದು ಕಾಣುವುದಿಲ್ಲ ಎಂದು ಉದ್ದಪ್ಪನ ವಕೀಲ ವಾದಿಸಿದ. ಗೋಕಾಕದಲ್ಲಿ ಕಣ್ಣಿನ ತಪಾಸಣೆ ಮಾಡಿಸಲು ಕೋರ್ಟು ಹೇಳಿತು.

“ಏನ್ ಕೇಳಿದ್ರೂ ಕಾಣವಲ್ದು ಅನ್ನು,” ಎಂದು ಕಾಡವ್ವ ಸೊಸೆಯ ತೋಳು ಚಿವುಟಿ ಚಿವುಟಿ ಪಾಠ ಹೇಳಿಕೊಟ್ಟಳು. ಆದರೆ ತಪಾಸಣೆಯ ಹಿಂದಿನ ದಿನ ಗೋಕಾಕಕ್ಕೆ ಹೋಗಿದ್ದ ಭೀಮಶಿ ಮುಖ ಸಣ್ಣದು ಮಾಡಿಕೊಂಡು ಬಂದ.

“ಯವ್ವಾ, ಕೆಲಸ ಕೆಟ್ಟತಿ. ಅಲ್ಲಿ ಕಂಪ್ಯೂಟರ್ ಮಷೀನ್ ತಂದಾರಂತ. ಗದ್ದ ಇಟ್ರ ಸಾಕು, ತಾನ ಕಣ್ಣ ನೋಡಿ ಚೀಟಿ ಕೊಡತೈತಿ. ಬಾಯಿ ಮಾತ ಕೇಳಂಗಿಲ್ಲಂತ.”

“ಬಾಯಿ ಕೇಳಂಗಿಲ್ಲಂದ್ರ ಕಣ್ಣ ಕೆಡಸೂಣು. ಎಕ್ಕಿ ಗಿಡಾ ಏನ್ ದೂರ ಐತೇನು?” ಎಂದಳು ಕಾಡವ್ವ.

ಬೆಳಿಗ್ಗೆ ಅಡುಗೆಮನೆಯಲ್ಲಿ ಭೀಮಶಿ ಹೆಂಡತಿಯನ್ನು ಕೆಡವಿ ಎದೆಯ ಮೇಲೆ ಮೊಣಕಾಲೂರಿದ. ಕಾಡವ್ವ ರೆಪ್ಪೆ ಬಿಡಿಸಿ ಬಟ್ಟಲಿನ ಎಕ್ಕೆಯ ಹಾಲನ್ನು ಬಲಗಣ್ಣಿಗೆ ಸುರಿದಳು. ಕೆಂಡ ತುರುಕಿದಂತಾಯಿತು. ಎಡಗಣ್ಣಿನ ಕಡೆಗೆ ಬಂದ ಹೆಬ್ಬೆರಳನ್ನು ರಾಯವ್ವ ಎಲುಬು ಹಲ್ಲಿಗೆ ಸಿಗುವಂತೆ ಕಚ್ಚಿದಳು. ಬಟ್ಟಲು ಉರುಳಿತು. ಕಾಡವ್ವ ಚೀರುತ್ತಲೇ ಊದುಗೊಳವಿ ಎತ್ತಿ ಅವಳ ತಲೆಗೆ ಬಡಿದಳು. ಅಷ್ಟರಲ್ಲಿ ಕರೆದೊಯ್ಯಲು ಬಂದ ಪೊಲೀಸಪ್ಪ ಅಂಗಳದಲ್ಲಿ ಕೆಮ್ಮಿದ.

“ಕಣ್ಣಬ್ಯಾನಿ ಅಂತ ಹೇಳು,” ಭೀಮಶಿ ಅವಳ ಕಿವಿಯಲ್ಲಿ ಉಸುರಿದ. “ಎಡಗಣ್ಣೂ ಕಾಣವಲ್ದು ಅಂದ್ರ ಜೀವಂತ ಮನಿಗಿ ಬರ್ತಿ.”

ಭೀಮಶಿಯೂ ಜೊತೆಗೆ ಹೊರಟ. ಬಸ್ಸಿನಲ್ಲಿ ರಾಯವ್ವ ಸೆರಗಿನಿಂದ ಬಲಗಣ್ಣು ಒತ್ತಿಕೊಂಡು ಆ ಮಷೀನನ್ನೇ ನೆನೆಯುತ್ತಿದ್ದಳು. ಬಾಯಿ ಮಾತು ಕೇಳುವುದಿಲ್ಲವಂತೆ. ಹಾಗಾದರೆ ತಾನೇನೂ ಹೇಳಬೇಕಾಗಿಲ್ಲ. ಹೇಳುವುದನ್ನೆಲ್ಲ ಅದೇ ಹೇಳುತ್ತದೆ, ಮನೆಯವರಿಗೆ ಸಿಟ್ಟಿದ್ದರೆ ಅದರ ಮೇಲೆ ಮಾಡಿಕೊಳ್ಳಲಿ.

ಆಸ್ಪತ್ರೆಯಲ್ಲಿ ಕಣ್ಣು ತಪಾಸಣೆ ಮಾಡುವವಳು ಶುಭಾಂಗಿ. ಗಂಡನನ್ನು ಪರದೆಯ ಆಚೆ ನಿಲ್ಲಿಸಿ ರಾಯವ್ವನ ಗದ್ದವನ್ನು ಮಷೀನಿಗೆ ಇಡಿಸಿದಳು. ಬಲಗಣ್ಣನ್ನು ಎಷ್ಟು ಸಲ ನೋಡಿದರೂ ಮಷೀನು ಚೀಟಿ ಕೊಡಲಿಲ್ಲ. “ಏನ್ ಬಿತ್ತವ್ವಾ ಇದರಾಗ? ಮೊದಲ ತೊಳೀತೇನಿ ಬಾ,” ಎಂದು ಗಾಬರಿಯಿಂದ ಕಣ್ಣಿಗೆ ನೀರು ಬಿಟ್ಟು ತೊಳೆದಳು. ಆಮೇಲೆ ಎಡಗಣ್ಣು. ಮಷೀನು ಗುಂಯ್ ಎಂದು ಚೀಟಿ ಹೊರಹಾಕಿತು.

“ಎಡಗಣ್ಣಿಗಿ ನಂಬರ್ ಇಲ್ಲ. ಚಷ್ಮಾ ಬ್ಯಾಡ.”

“ಹಂಗಾರ ಮುಗೀತ್ರಿ? ನನಗ ಕಾಣತೈತಿ ಅಂತ ಹೇಳ್ತಲ್ಲ ಅದು?”

“ಇಲ್ಲವ್ವಾ. ಅದು ಚಷ್ಮಾದ ನಂಬರ್ ಅಷ್ಟ ಹೇಳತೈತಿ. ಎಷ್ಟ ಕಾಣತೈತಿ ಅನ್ನೂದು ಅದಕ್ಕೇನ್ ಗೊತ್ತು? ನೀನ ಹೇಳಬೇಕು. ನೀ ಹೇಳಿದ್ದ ನಾ ಬರೀತೇನಿ.”

ರಾಯವ್ವ ಮಷೀನನ್ನು ದಿಟ್ಟಿಸಿದಳು. ಇಷ್ಟೂ ಗೊತ್ತಿಲ್ಲದ ಡಬ್ಬಿಗೆ ಹೆದರಿ ತನ್ನ ಕಣ್ಣು ಸುಟ್ಟಿದ್ದರು.

ಶುಭಾಂಗಿ ಗೋಡೆಯ ಹಲಗೆಗೆ ದೀಪ ಹಾಕಿದಳು. ಓದು ಬಾರದವರಿಗೆಂದು ಮಾಡಿದ ಹಲಗೆ ಅದು. ಮೂರು ಹಲ್ಲಿನ ಗುರುತುಗಳು ಯಾವ ಕಡೆ ತಿರುಗಿವೆಯೋ ಆ ಕಡೆ ಕೈ ತೋರಿಸಬೇಕು.

“ಇದು ಯಾವ ಕಡೆ ಐತಿ?”

ಪರದೆಯ ಆಚೆ ಭೀಮಶಿ ಗಂಟಲು ಸರಿಮಾಡಿಕೊಂಡ. ರಾಯವ್ವನ ಕೈ ಮಡಿಲಲ್ಲೇ ಉಳಿಯಿತು.

“ಕಾಣವಲ್ದೇನವ್ವಾ?”

ಅವಳು ಕೈ ಎತ್ತಿದಳು. ಬಲಕ್ಕೆ. ಕೆಳಗೆ. ಎಡಕ್ಕೆ. ಸಾಲು ಸಾಲಾಗಿ ಗುರುತು ಸಣ್ಣದಾಗುತ್ತ ಹೋಯಿತು, ಕೈ ಒಂದೂ ತಪ್ಪಲಿಲ್ಲ. “ಬರೋಬರಿ” ಎಂದು ಶುಭಾಂಗಿ ಹೇಳುತ್ತಿದ್ದಂತೆ ಪರದೆ ಹರಿದು ಬಂತು. ಭೀಮಶಿ ಹೆಂಡತಿಯ ತುರುಬು ಹಿಡಿದು ಮುಖವನ್ನು ಮಷೀನಿನ ಮೇಜಿಗೆ ಬಡಿದ. ಒಂದು ಸಲ, ಮತ್ತೊಂದು ಸಲ. ಹಲ್ಲು ಮುರಿದು ನೆಲಕ್ಕೆ ಬಿತ್ತು. ಪೊಲೀಸಪ್ಪ ಓಡಿ ಬಂದು ಲಾಠಿಯಿಂದ ಅವನ ಮೊಣಕಾಲಿಗೆ ಹೊಡೆದು ಕೆಡವಿ, ಕುತ್ತಿಗೆಯ ಮೇಲೆ ಕಾಲಿಟ್ಟ.

“ಸಾಕವ್ವಾ, ಸಾಕು. ಕುಂಡ್ರು,” ಶುಭಾಂಗಿ ಅವಳ ತೋಳು ಹಿಡಿದಳು.

ರಾಯವ್ವ ಬಾಯಿಯ ರಕ್ತ ಉಗುಳಿ, ಸ್ಟೂಲನ್ನು ತಾನೇ ನೆಟ್ಟಗಿಟ್ಟು ಕುಳಿತಳು.

“ಇನ್ನ ಒಂದ ಸಾಲ ಉಳದೈತ್ರಿ. ಕೇಳ್ರಿ.”