ಮಗ್ಗದ ಮುಂದೆ ಒಡೆದ ಕಾಯಿ

ಆ ದಿನ ನಾನು ಮಾಡಿದ ಕೆಲಸ ಇಷ್ಟು. ಬೆಳಿಗ್ಗೆ ಅಕ್ಕನ ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಸೇದುವ ಬಾವಿಯಿಂದ ನೀರು ತಂದು ಹಂಡೆ ತುಂಬಿದೆ. ನವಣೆ ಕುಟ್ಟಿ ಕೇರಿದೆ. ಹುರುಳಿ ಆರಿಸಿ ನೆನೆ ಹಾಕಿದೆ. ಗಂಡನ ಬಿಳಿ ಅಂಗಿ ಒಗೆದು ಬೇಲಿಯ ಮೇಲೆ ಹರವಿದೆ. ಮರುದಿನ ಅದು ಅವರಿಗೆ ಬೇಕಿತ್ತು. ಉಳಿದ ಹೊತ್ತಿನಲ್ಲಿ ಅಕ್ಕನ ಪಕ್ಕ ಕೂತು ರಾಟೆ ತಿರುಗಿಸಿ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ, ಅಂದರೆ ಕಂಡಿಕೆಗೆ, ರೇಷ್ಮೆ ಸುತ್ತಿದೆ. ಸಡಿಲ ಆಯ್ತು ಅಂತ ಅಕ್ಕ ನಾನು ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದಳು.

ನಮ್ಮ ಮನೆ ಚಳ್ಳಕೆರೆಯಲ್ಲಿತ್ತು. ನನ್ನ ಗಂಡ ಅಲ್ಲಿನ ಸಣ್ಣ ಕ್ರೈಸ್ತ ಸಭೆಯ ಉಪದೇಶಿ. ಅಕ್ಕ ಇದ್ದದ್ದು ಮೊಳಕಾಲ್ಮೂರಿನಲ್ಲಿ, ನೇಕಾರರ ಕೇರಿಯಲ್ಲಿ. ಅವಳ ಮದುವೆಯಾದ ಮೇಲೆ ನಮ್ಮಪ್ಪ ಈ ಮತಕ್ಕೆ ಸೇರಿದರು. ಅಕ್ಕ, ಭಾವ ಸೇರಿದ್ದು ಎಷ್ಟೋ ವರ್ಷಗಳ ನಂತರ, ಪ್ಲೇಗು ಬಂದು ಹೋದ ಮೇಲೆ. ಆ ಊರಲ್ಲಿ ಪ್ರಾರ್ಥನೆ ಮನೆ ಅಂತ ಬೇರೆ ಇರಲಿಲ್ಲ. ಭಾವನ ಮಗ್ಗದ ಕೋಣೆಯ ಗೋಡೆಗೆ ಒಂದು ಮರದ ಶಿಲುಬೆ, ಅದರ ಮುಂದೆ ನಾಲ್ಕಾರು ಮನೆಯವರು ಚಾಪೆ ಹಾಸಿ ಕೂರುತ್ತಿದ್ದರು. ತೆಲುಗಿನಲ್ಲಿ ಹಾಡು, ಜೊತೆಗೆ ಚಪ್ಪಾಳೆ. ನಮ್ಮಲ್ಲಿ ಕೈ ಕಟ್ಟಿ ನಿಂತು ಹಾಡುವುದು ರೂಢಿ. ಚಪ್ಪಾಳೆಯನ್ನು ನನ್ನ ಗಂಡ ಹೇಗೋ ಸಹಿಸಿಕೊಂಡಿದ್ದರು.

ಮರುದಿನ ಭಾನುವಾರ ಚಿತ್ರದುರ್ಗದಿಂದ ಪಾದ್ರಿ ಅಯ್ಯನವರು ಬಂದು ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ ಕೊಡುವವರಿದ್ದರು. ಯಾರು ರೊಟ್ಟಿ ತಗೋಬಹುದು, ಯಾರು ಕೂಡದು ಅಂತ ಮೊದಲೇ ವಿಚಾರಿಸಿ ಹೇಳುವುದು ಉಪದೇಶಿಯ ಕೆಲಸ. ಅದಕ್ಕೇ ನಾವು ಗಾಡಿ ಕಟ್ಟಿಸಿಕೊಂಡು ಬಂದಿದ್ದು. ಅಕ್ಕನ ಸೊಸೆ ರಾಯದುರ್ಗದ ಕಡೆಯ ತೆಲುಗು ಹುಡುಗಿ. ಅವಳ ಗಂಡ ಸೀರೆ ಮಾರಲು ಪರವೂರಿಗೆ ಹೋಗಿದ್ದ. ಭೋಜನಕ್ಕೆ ಕೂರುವುದು ಅವಳಿಗೆ ಇದು ಮೊದಲ ಸಲ. ಅಂದು ಉಡುವ ಸೀರೆಯನ್ನು ಮಡಿಸಿ ದಿಂಬಿನಡಿ ಇಟ್ಟುಕೊಂಡಿದ್ದಳು.

ಅದೇ ಶನಿವಾರ ಭಾವ ಮಗ್ಗಕ್ಕೆ ಹೊಸ ಹಾಸು ಏರಿಸಿದರು. ಹಾಸು ಅಂದರೆ ಸೀರೆಯ ಉದ್ದಕ್ಕೆ ಹಿಡಿಯುವ ನೂಲು. ಏರಿಸಿದ ದಿನ ದೀಪ ಹಚ್ಚಿ ಕಾಯಿ ಒಡೆದು, ಕಾಯಿ ನೀರನ್ನು ನೂಲಿಗೆ ಚಿಮುಕಿಸಿಯೇ ಲಾಳಿ ಮುಟ್ಟುವುದು ಆ ಕೇರಿಯವರ ಪದ್ಧತಿ. ಹಿಂದಿನ ಸಲ ಬಂದಾಗ ನನ್ನ ಗಂಡ, ಕಲ್ಲಿಗೆ ಮರಕ್ಕೆ ಕಾಯಿ ಒಡೆಯಬಾರದು ಎಂದು ಬಹಳ ಹೊತ್ತು ಉಪದೇಶ ಮಾಡಿದ್ದರು. ಭಾವ ತಲೆಯಾಡಿಸಿ ಕೇಳಿದ್ದರು.

ಈಗ ಭಾವ ದೀಪ ಹಚ್ಚಿದರು. ಕಾಯಿಯನ್ನು ಎಡಗೈಯಲ್ಲಿ ಹಿಡಿದು, ಮಚ್ಚಿನ ಬೆನ್ನಿನಿಂದ ಎರಡು ಪೆಟ್ಟು ಹಾಕಿ ಹೋಳು ಮಾಡಿದರು. ನೀರನ್ನು ನೂಲಿಗೆ ಚಿಮುಕಿಸಿ ಹೋಳುಗಳನ್ನು ಶಿಲುಬೆಯ ಕೆಳಗಿಟ್ಟರು. ಆಮೇಲೆ ನಮ್ಮ ಕಡೆ ತಿರುಗಿ ನೋಡಿದರು, ಪಾಠ ಒಪ್ಪಿಸಿದವರ ಹಾಗೆ.

“ಇದೇನಣ್ಣಾ ಮಾಡಿದ್ರಿ?” ಅಂದರು ನನ್ನ ಗಂಡ.

“ನೀನು ಹೇಳಿದಂಗೇ ಮಾಡಿದೆ ತಮ್ಮಾ. ಕಲ್ಲೂ ಬ್ಯಾಡ, ಮರಾನೂ ಬ್ಯಾಡ ಅಂದಿದ್ದಿ. ಅದಕ್ಕೆ ಕೈಯಾಗೇ ಒಡೆದೆ. ನೋಡು, ಹೆಬ್ಬೆಟ್ಟು ತರಚೈತೆ.”

“ಯಾರಿಗೆ ಒಡೆದ್ರಿ?”

“ಯೇಸುಸ್ವಾಮಿಗೆ. ಇನ್ಯಾರು ಅದಾರೆ ಈ ಮನೇಲಿ?”

ನನ್ನ ಗಂಡ ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಮಜ್ಜಿಗೆ ಕೊಡಲು ಹೋದ ನನಗೆ, “ಅಯ್ಯನೋರಿಗೆ ಹೇಳಲೇಬೇಕು. ಹೇಳದೆ ಇದ್ದರೆ ನಾನು ಸುಳ್ಳಾಡಿದ ಹಾಗೆ. ಹೇಳಿದರೆ ಈ ಮನೆಯವರಿಗೆ ನಾಳೆ ರೊಟ್ಟಿ ಇಲ್ಲ” ಅಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಜ್ಜಿಗೆಯನ್ನು ಪೂರ್ತಿ ಕುಡಿಯಲಿಲ್ಲ, ಅಷ್ಟೆ.

ಜಗಲಿಯ ಮಾತು ಒಳಗೆ ಕೇಳಿಸುವ ಮನೆ ಅದು. ನಾನು ತಿರುಗಿ ಬರುವಷ್ಟರಲ್ಲಿ ಅಕ್ಕ ರಾಟೆ ನಿಲ್ಲಿಸಿದ್ದಳು.

“ಅಕ್ಕಾ, ನನಗೂ ಅದು ಸರಿ ಕಾಣ್ಲಿಲ್ಲ,” ಎಂದೆ. ಹಿಂದೆ ಹೇಳುವುದಕ್ಕಿಂತ ಎದುರಿಗೆ ಹೇಳುವುದು ಮೇಲು ಅನ್ನಿಸಿತ್ತು.

“ನಿಮ್ಮ ಚಳ್ಳಕೆರೇಲಿ ಸುಗ್ಗಿ ಆದಮ್ಯಾಲೆ ಜೋಳದ ತೆನೆ ತಂದು ಪ್ರಾರ್ಥನೆ ಮೇಜಿನ ಮುಂದೆ ಸಾಲಾಗಿ ನಿಲ್ಲಿಸ್ತೀರಲ್ಲ, ಅದು?”

“ಅದು ಬ್ಯಾರೆ.”

“ಇರಬಹುದು,” ಅಂದಳು ಅಕ್ಕ. ಹೇಗೆ ಬೇರೆ ಅಂತ ಕೇಳಲಿಲ್ಲ. ಕಂಡಿಕೆಯ ಎಳೆ ಬಿಗಿಮಾಡುತ್ತಾ, “ಕುಲದೋರು ನಮ್ಮನ್ನ ಪಂಕ್ತಿಯಿಂದ ಎಬ್ಬಿಸಿದ್ರು. ಮಗನ ಮದುವೆಗೆ ಒಬ್ಬರೂ ಬಂದು ಉಣ್ಣಲಿಲ್ಲ. ಈಗ ನೀವೂ ಎಬ್ಬಿಸಿದ್ರೆ ಎಲ್ಲಿ ಹೋಗಿ ಕೂರಾನ? ನನ್ನದು ಬಿಡು. ಆ ಹುಡುಗಿಗೆ ನಾಳೆ ಏನು ಹೇಳಲಿ?” ಎಂದಳು.

ಸೊಸೆ ಅಲ್ಲೇ ಒಲೆ ಊದುತ್ತಿದ್ದಳು. ಅವಳಿಗೆ ಕನ್ನಡ ಅಷ್ಟಕ್ಕಷ್ಟೆ. ಆದರೂ ಊದುವುದನ್ನು ನಿಲ್ಲಿಸಿದಳು.

ಸಂಜೆ ಚಟ್ನಿ ಅರೆಯಲು ಕೂತೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಒರಳಿಗೆ ಹಾಕಿದೆ. ಅಕ್ಕ ಆ ಕಾಯಿಯ ಒಂದು ಹೋಳು ತಂದು ಪಕ್ಕದಲ್ಲಿಟ್ಟು, “ಹಾಕ್ತೀಯೋ ಬಿಡ್ತೀಯೋ ನೋಡು. ನಿಮ್ಮನೇರು ಉಣ್ಣಲ್ಲ ಅಂದ್ರೆ ಬಿಡು,” ಎಂದು ಹೋದಳು.

ನಾನು ಹೋಳನ್ನು ಹಿಡಿದುಕೊಂಡು ಜಗಲಿಗೆ ಹೋದೆ. “ರೀ, ಇದು ಬೆಳಿಗ್ಗೆ ಒಡೆದ ಕಾಯಿ. ಚಟ್ನಿಗೆ ಹಾಕ್ತಿದೀನಿ. ಆಮೇಲೆ ನನಗೆ ಗೊತ್ತಿರಲಿಲ್ಲ ಅನ್ನಬ್ಯಾಡ್ರಿ. ನಾನಂತೂ ಉಣ್ತೀನಿ. ನಾಳೆ ಇವರನ್ನ ಎಬ್ಬಿಸಿದ್ರೆ, ಉಂಡವಳು ನಾನು, ನನ್ನನ್ನೂ ಎಬ್ಬಿಸಬೇಕಾಗ್ತದೆ.”

ಅವರು ಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು. “ಅರಿ ಹೋಗು,” ಅಂದರು.

ಅರೆದೆ.

ತಟ್ಟೆ ಇಡುವ ಹೊತ್ತಿಗೆ ಅವರು ಒಳಗೆ ಬಂದು ಭಾವನ ಎದುರಿಗೆ ಕೂತರು. “ಅಣ್ಣಾ, ಈ ಕಾಯಿ ವಿಷಯ ನನಗೆ ಒಪ್ಪಿಗೆ ಇಲ್ಲ. ನಾಳೆ ಅಯ್ಯನೋರು ಬಂದಾಗ ನೀವೇ ಹೇಳ್ತೀರಾ?”

“ಹೇಳ್ತೀನಿ. ಮಚ್ಚು ತೋರಿಸೇ ಹೇಳ್ತೀನಿ.”

“ಮಚ್ಚು ಬ್ಯಾಡ್ರಿ, ಹೆದರ್ಯಾರು.”

ಅಕ್ಕ ಮುಖ ತಿರುಗಿಸಿ ನಕ್ಕಳು.

“ಅವರು ಬ್ಯಾಡ ಅಂದ್ರೆ?” ಎಂದು ನನ್ನ ಗಂಡ ಮತ್ತೆ ಕೇಳಿದರು.

ಭಾವ ಮಗ್ಗದ ಕಡೆ ನೋಡಿದರು. “ದೀಪ ಹಚ್ಚಾದು ಬಿಡಲ್ಲ. ಕಾಯಿ ಬೇಕಾದ್ರೆ ಬಿಟ್ಟೇನು.”

“ಹಂಗಾರೆ ನಾನು ಮೊದಲೇ ಹೋಗಿ ದೂರು ಹೇಳಲ್ಲ. ನೀವು ಹೇಳುವಾಗ ನಿಮ್ಮ ಪಕ್ಕದಲ್ಲಿ ಕೂತಿರ್ತೀನಿ. ನನಗೆ ಅನ್ನಿಸಿದ್ದನ್ನ ನಾನೂ ಅಲ್ಲೇ, ನಿಮ್ಮೆದುರಿಗೇ ಹೇಳ್ತೀನಿ. ಅಯ್ಯನೋರು ಏಳು ಅಂದ್ರೆ ಇಬ್ಬರೂ ಏಳಾನ.”

ಅಕ್ಕ ಇದನ್ನು ಸೊಸೆಗೆ ತೆಲುಗಿನಲ್ಲಿ ಹೇಳಿದಳು. ಹೇಳಲು ಸ್ವಲ್ಪ ಹೊತ್ತೇ ಹಿಡಿಯಿತು. ಹುಡುಗಿ ತಲೆಯಾಡಿಸಿ ಸಾರಿನ ಗಡಿಗೆ ಇಳಿಸಿದಳು.

ಆ ಸಂಜೆ ನವಣೆ ಅನ್ನ, ಹುರುಳಿ ಸಾರು, ಒಂದೊಂದು ಹಸಿ ಈರುಳ್ಳಿ. ಚಟ್ನಿಯನ್ನು ನನ್ನ ಗಂಡ ತಟ್ಟೆಯ ಅಂಚಿನಲ್ಲಿ ಹಾಗೇ ಬಿಟ್ಟುಕೊಂಡಿದ್ದರು. ಎರಡನೆಯ ಸಲ ಅನ್ನ ಹಾಕಿಸಿಕೊಂಡಾಗ ಕಲಸಿಕೊಂಡರು. ಖಾರ ಜಾಸ್ತಿ ಆಯ್ತು ಎಂದರು. ಭಾವ ಉಂಡ ಕೈ ತೊಳೆದು ಮಗ್ಗದ ಪಕ್ಕವೇ ಒರಗಿದವರು ಎಲ್ಲರಿಗಿಂತ ಮೊದಲು ನಿದ್ದೆ ಹೋದರು. ಆಮೇಲೆ ಅಕ್ಕ, ಆಮೇಲೆ ನನ್ನ ಗಂಡ. ಸೊಸೆ ದಿಂಬಿನಡಿಯ ಸೀರೆ ತೆಗೆದು ಇನ್ನೊಮ್ಮೆ ಮಡಿಸುತ್ತಿದ್ದಳು. ಅವಳು ಮಲಗಿದ್ದನ್ನು ನಾನು ನೋಡಲಿಲ್ಲ.