ಅನುಸೂಯಾಬಾಯಿಯ ಓಟು

ನಮ್ಮ ಮಾವಶಿ ಅನುಸೂಯಾಬಾಯಿ, ನಮ್ಮವ್ವನ ತಂಗಿ, ಹಳಿಯಾಳದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದಳು. ಗಂಡ ತೀರಿಹೋದ ಮೇಲೆ ತೇರಗಾಂವದಿಂದ ಬಂದು ನಮ್ಮ ಮನೆಯಲ್ಲೇ ಇದ್ದಳು. ನೌಕರಿ ಕಾಯಂ ಅಲ್ಲ. ಪ್ರತಿ ಜೂನ್‌ನಲ್ಲಿ ಶಾಲೆಯ ಕಾರ್ಯದರ್ಶಿ ಅಂದಾನೆಪ್ಪ ಮನಸ್ಸು ಮಾಡಿದರೆ ಮತ್ತೊಂದು ವರ್ಷದ ಅನ್ನ. ಆ ಮನುಷ್ಯನ ಹೆಸರೆತ್ತಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಎಂಬತ್ತರ ದಶಕ. ವಿಧಾನ ಪರಿಷತ್ತಿಗೆ ಶಿಕ್ಷಕರ ಕ್ಷೇತ್ರದ ಚುನಾವಣೆ ಬಂತು. ಆರು ಮಂದಿ ನಿಂತಿದ್ದರು. ಈ ಓಟಿಗೆ ಶಿಕ್ಕಾ ಒತ್ತುವುದಿಲ್ಲ, ಹೆಸರಿನ ಮುಂದೆ ಅಂಕಿ ಬರೆಯಬೇಕು. ಇದೆಂಥ ಓಟು ಎಂದು ಕೇಳಿದ್ದಕ್ಕೆ ಮಾವಶಿ ನನಗೆ ಹೇಳಿದಳು:

"ನಿನ್ನ ಸಂತಿಗೆ ಕಳಸುವಾಗ ಏನ್ ಹೇಳ್ತೇನಿ? ಮೆಂತೆ ತಗೊಂಬಾ, ಮೆಂತೆ ಇಲ್ಲಂದ್ರ ಬದನಿಕಾಯಿ, ಅದೂ ಇಲ್ಲಂದ್ರ ಕುಂಬಳಕಾಯಿ. ಇದೂ ಹಂಗ. ನಾ ಒಂದು ಅಂತ ಬರದಾವ ಎಲ್ಲಾರಕಿಂತ ಹಿಂದ ಬಿದ್ದು ಹೊರಗ ಹೋದ್ರ, ನನ್ನ ಚೀಟಿ ನಾ ಎರಡು ಬರದವನ ಕಡೆ ಹೋಗತೈತಿ. ಒಂದು ಬರೀಲೇಬೇಕು. ಉಳಿದದ್ದು ನಮ್ಮ ಖುಷಿ."

ಓಟಿನ ಹಿಂದಿನ ದಿನ ಅಂದಾನೆಪ್ಪ ಶಿಕ್ಷಕರನ್ನು ಒಬ್ಬೊಬ್ಬರಾಗಿ ಕರೆದು, ಒಂದು ನಮ್ಮವರಿಗೆ, ಎರಡು ಇಂಥವರಿಗೆ, ಮೂರು ಇಂಥವರಿಗೆ ಎಂದು ಬಾಯಿಪಾಠ ಮಾಡಿಸಿದ. ಆಮೇಲೆ ಚಹಾ ಕುಡಿಯುವಾಗ ಮಾತಿಗೆ ಮಾತು ಬಂದು, ಕನ್ನಡ ಕಲಿಸುವ ಚಾಂದಿಬಾಯಿಗೆ ಹೇಳಿಕೊಟ್ಟ ಪಾಠವೇ ಬೇರೆ ಎಂದು ಮಾವಶಿಗೆ ಗೊತ್ತಾಯಿತು. ಉಳಿದವರದೂ ಬೇರೆ ಬೇರೆ. ಒಂದು ಎಂಬ ಅಂಕಿ ಮಾತ್ರ ಎಲ್ಲರದೂ ಒಬ್ಬನಿಗೇ. ಅದರ ಕೆಳಗಿನ ಕ್ರಮ ಒಬ್ಬರದು ಇನ್ನೊಬ್ಬರಿಗಿಲ್ಲ. ಎಣಿಕೆಯ ಮೇಜಿನ ಮುಂದೆ ಅಭ್ಯರ್ಥಿಯ ಏಜೆಂಟನಾಗಿ ಅಂದಾನೆಪ್ಪನ ಕಡೆಯ ಹುಡುಗ ಕೂತಿರುತ್ತಾನೆ. ಚೀಟಿ ಬಿಚ್ಚಿದ ಕೂಡಲೇ ಕ್ರಮ ನೋಡಿ ಇದು ಇಂಥವರದೆಂದು ಹೇಳಿಬಿಡುತ್ತಾನೆ! ಎಂಥ ಹಲ್ಕಟ್ ಬುದ್ಧಿ ನೋಡಿ!

"ದನಕ್ಕ ಬರೆ ಹಾಕಿ ಗುರ್ತು ಮಾಡಿದಂಗ ಆತಲ್ಲ!" ಎಂದು ಮಾವಶಿ ಸಿಡಿದಳು. "ಎಲ್ಲಾರೂ ಬರೇ ಒಂದು ಬರದು ಬಿಟ್ಟುಬಿಡೂಣು. ಯಾರ ಚೀಟಿ ಯಾವುದಂತ ಹೆಂಗ ಹುಡುಕ್ತಾನ, ನೋಡೂಣು!"

"ಖರೇ ಐತ್ರಿ ಬಾಯಾರ, ನಿಮ್ಮ ಮಾತು ಖರೇನ ಐತಿ," ಎಂದು ಎಲ್ಲರೂ ತಲೆಯಾಡಿಸಿದರು. ಮರುದಿನ ಮತಗಟ್ಟೆಯ ಒಳಗೆ ಹೋಗಿ ಅಂದಾನೆಪ್ಪ ಹೇಳಿದ ಹಾಗೆಯೇ ಬರೆದರು. ಮಾವಶಿ ಒಬ್ಬಳೇ ತನಗೆ ಬೇಕಾದವನಿಗೆ ಒಂದು ಬರೆದು, ಉಳಿದದ್ದು ಖಾಲಿ ಬಿಟ್ಟು ಬಂದಳು.

ಎಣಿಕೆಯಲ್ಲಿ ಎಲ್ಲರ ಕ್ರಮವೂ ಸಿಕ್ಕಿತು, ಒಬ್ಬಳದು ಸಿಗಲಿಲ್ಲ. ಅಷ್ಟೇ ಸಾಕಾಯಿತು. ಅಂದಾನೆಪ್ಪ ಕರೆಸಿದ.

"ಬಾಯಾರ, ನಿಮ್ಮ ಚೀಟಿ ನಮ್ಮ ಹುಡುಗನ ಕಣ್ಣಿಗೆ ಬೀಳಲಿಲ್ಲಂತಲ್ರಿ?"

"ಬೀಳಬಾರದಂತನ ಅಲ್ಲೆ ಪರದೆ ಕಟ್ಟಿರ್ತಾರ್ರಿ."

ಅಂದಾನೆಪ್ಪನ ಅಭ್ಯರ್ಥಿ ಆರಾಮವಾಗಿ ಗೆದ್ದಿದ್ದ. ಮಾವಶಿಯ ಚೀಟಿ ಬಂದಿದ್ದರೂ ಅಷ್ಟೇ, ಬರದಿದ್ದರೂ ಅಷ್ಟೇ! ಆದರೂ ಜೂನ್‌ನಲ್ಲಿ ಅವಳಿಗೆ ಶಾಲೆಯಿಂದ ಕರೆ ಬರಲಿಲ್ಲ. ಅವಳ ತರಗತಿಗಳನ್ನು ಚಾಂದಿಬಾಯಿಗೆ ಕೊಟ್ಟರು.

"ಅವ ಹೇಳಿದಂಗ ಬರದು ಬಂದಿದ್ರ ನಿನ್ನ ಗಂಟೇನ ಹೋಗತಿತ್ತ?" ಎಂದು ನಮ್ಮವ್ವ ಅಳುತ್ತಲೇ ಬೈದಳು.

ಮಾವಶಿ ಹಿಟ್ಟು ನಾದುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ನೌಕರಿ ಅವ ಕೊಟ್ಟಿದ್ದ, ಕಸಗೊಂಡ. ಓಟು ಅವ ಕೊಟ್ಟಿದ್ದನೇನ, ಅಕ್ಕಾ?"