ಹಳದಿ ಸೀಮೆಸುಣ್ಣದ ಗೆರೆ

ಷೇರು ದಲ್ಲಾಳಿಯ ಕಚೇರಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳದ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವನು ಸುಣ್ಣಣ್ಣ. ಮೂವತ್ತೊಂದು ವರ್ಷ ಹಜಾರದ ಕರಿಹಲಗೆಯ ಮೇಲೆ ದರ ಬರೆದವನಿಗೆ ಬೇರೆ ಹೆಸರು ಹೇಗೆ ನಿಂತೀತು? ಕಿವಿಗೂ ಭುಜಕ್ಕೂ ನಡುವೆ ಟೆಲಿಫೋನು, ಎಡಗೈಯಲ್ಲಿ ಡಸ್ಟರು, ಬಲಗೈಯಲ್ಲಿ ಸೀಮೆಸುಣ್ಣ. ಆ ತುದಿಯಿಂದ ದರ ಕೇಳಿ ಮುಗಿಯುವಷ್ಟರಲ್ಲಿ ಈ ತುದಿಯಲ್ಲಿ ಅಂಕಿ ಮೂಡಿರುತ್ತಿತ್ತು. ಅರವತ್ತು ಕಂಪನಿಗಳ ಹೆಸರು, ಅರವತ್ತು ದರ, ಒಂದು ಸಾಲು ಅತ್ತಿತ್ತ ಆಗುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಮದುವೆಯಾದ ವಾರದಲ್ಲೇ ಗಂಡ ಮುದುಕನಾಗಿಬಿಟ್ಟ ಎಂದು ಅವನ ಹೆಂಡತಿ ಇವತ್ತಿಗೂ ನೆಂಟರ ಮುಂದೆ ಆಡಿಕೊಳ್ಳುತ್ತಾಳೆ.

ಏರಿದ ದರ ಬಿಳಿ, ಇಳಿದ ದರ ಕೆಂಪು. ಇಷ್ಟನ್ನು ಯಾರು ಬೇಕಾದರೂ ಬರೆದಾರು. ಹಳದಿ ಮಾತ್ರ ಸುಣ್ಣಣ್ಣನ ಸ್ವಂತದ್ದು. ಅವನು ಕೆಲಸಕ್ಕೆ ಸೇರಿದ ವರ್ಷ ಒಂದು ಕಂಪನಿ ಬೋನಸ್ ಕೊಟ್ಟಿತು. ಅಂದರೆ, ಒಂದು ಷೇರು ಇದ್ದವರಿಗೆ ಇನ್ನೊಂದು ಷೇರು ಬಿಟ್ಟಿಯಾಗಿ. ಷೇರು ಎರಡಾದರೂ ಕಂಪನಿ ಇದ್ದಷ್ಟೇ ಇರುತ್ತದಲ್ಲ, ಹಾಗಾಗಿ ಒಂದೊಂದರ ದರ ಅರ್ಧಕ್ಕೆ ಇಳಿಯುತ್ತದೆ. ಒಂದು ಗಜ ಬಟ್ಟೆಯನ್ನು ಎರಡು ತುಂಡು ಮಾಡಿದ ಹಾಗೆ. ಬಟ್ಟೆ ಎಲ್ಲಿಗೂ ಹೋಗಿರುವುದಿಲ್ಲ. ಇದು ತಿಳಿಯದ ಒಬ್ಬ ಮುದುಕರು ಹಲಗೆ ನೋಡಿ ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದರು. ಮಾರನೆಯ ದಿನವೇ ಸುಣ್ಣಣ್ಣ ತನ್ನ ದುಡ್ಡಿನಲ್ಲಿ ಹಳದಿ ಸೀಮೆಸುಣ್ಣ ತಂದ. ಬೋನಸ್ ಇರಲಿ, ಲಾಭ ಹಂಚುವ ಡಿವಿಡೆಂಡ್ ಇರಲಿ, ಅಂಥ ದಿನ ದರದ ಕೆಳಗೆ ಒಂದು ಹಳದಿ ಗೆರೆ. ಗಾಬರಿ ಬೇಡ, ಕಾರಣ ಬೇರೆ ಇದೆ ಎಂದು ಅದರ ಅರ್ಥ. ಹೇಳಿಕೊಡದೆಯೇ ಇಡೀ ಹಜಾರ ಅದನ್ನು ಕಲಿತುಕೊಂಡಿತು.

ಹೇಳಿಕೊಡುವಂತೆಯೂ ಇರಲಿಲ್ಲ ಅನ್ನಿ. ಅವನಿಗಿಂತ ಮೊದಲು ಹಲಗೆ ಬರೆಯುತ್ತಿದ್ದವನು ಗಿರಾಕಿಗಳ ಕಿವಿಯಲ್ಲಿ ಅದು ಕೊಳ್ಳಿ ಇದು ಮಾರಿ ಎಂದು ಪಿಸುಗುಟ್ಟಿ ಮೂರು ಮನೆಗಳಿಗೆ ಬೀಗ ಹಾಕಿಸಿದ್ದ. ಅಂದಿನಿಂದ ಕಚೇರಿಯಲ್ಲಿ ಒಂದು ಕಟ್ಟುಪಾಡು: ಹಲಗೆಯವನು ಷೇರಿನ ಬಗ್ಗೆ ತುಟಿ ಬಿಚ್ಚಬಾರದು. ಬಿಚ್ಚಿದ ದಿನವೇ ಮನೆಗೆ. ಸುಣ್ಣಣ್ಣ ಅದನ್ನು ವ್ರತದ ಹಾಗೆ ಪಾಲಿಸಿದ. ತಾನೂ ಒಂದೇ ಒಂದು ಷೇರು ಕೊಳ್ಳಲಿಲ್ಲ. ಕೊಂಡರೆ ಆ ಸಾಲು ಬರೆಯುವಾಗ ಕೈ ನಡುಗುತ್ತದೆ ಅನ್ನುತ್ತಿದ್ದ. ಇಂಥವರನ್ನು ನಾವು ಸುಮ್ಮನೆ ಗುಮಾಸ್ತರು ಎಂದು ಕರೆದು ಮುಂದೆ ಹೋಗುತ್ತೇವೆ, ನಮ್ಮ ಬುದ್ಧಿಗಿಷ್ಟು!

ಆಮೇಲೆ ಪರದೆ ಬಂತು. ಗೋಡೆಯಗಲದ ಗಾಜಿನ ಮೇಲೆ ಅಂಕಿಗಳು ತಾವಾಗಿಯೇ ಓಡತೊಡಗಿದವು. ಹಲಗೆ ಉಗ್ರಾಣ ಸೇರಿತು, ಸುಣ್ಣಣ್ಣ ಗಿರಾಕಿಗಳ ಕೊಳ್ಳುವ, ಮಾರುವ ಚೀಟಿ ಸಾಗಿಸುವ ಕೆಲಸಕ್ಕೆ ಇಳಿದ. ಆದರೂ ಬೆಳಿಗ್ಗೆ ಬಂದವನೇ ಕಂಪನಿಗಳ ಪ್ರಕಟಣೆಗಳನ್ನು ಮೊದಲಿನಂತೆಯೇ ಓದುತ್ತಿದ್ದ. ಜೇಬಿನಲ್ಲಿ ಹಳದಿ ತುಂಡೊಂದು ಉಳಿದುಕೊಂಡಿತ್ತು. ಯಾಕೆ ಎಂದು ಹೆಂಡತಿ ಕೇಳಿದರೆ, ಭಾರವೇನಲ್ಲವಲ್ಲ ಎಂದು ಜಾರಿಕೊಳ್ಳುತ್ತಿದ್ದ.

ಹಜಾರಕ್ಕೆ ದಿನವೂ ಬರುತ್ತಿದ್ದವರಲ್ಲಿ ಒಬ್ಬರು ಸಿಸ್ಟರಮ್ಮ. ಖಾಸಗಿ ನರ್ಸಿಂಗ್ ಹೋಮಿನಲ್ಲಿ ನಲವತ್ತು ವರ್ಷ ದುಡಿದು, ಪಿಂಚಣಿ ಇಲ್ಲದೆ ನಿವೃತ್ತರಾದವರು. ಗಂಡ ಬಿಟ್ಟುಹೋದ ಇನ್ನೂರು ಷೇರುಗಳೇ ಅವರ ಮುಪ್ಪಿನ ಆಸರೆ. ಕಣ್ಣು ಮಂಜಾಗಿದ್ದರಿಂದ ಅಂಕಿ ಕಾಣದು, ಬಣ್ಣ ಕಾಣುತ್ತದೆ. ಹಲಗೆಯ ಕಾಲದಲ್ಲಿ ಬಿಳಿ, ಕೆಂಪು, ಹಳದಿ ನೋಡಿಕೊಂಡು ನೆಮ್ಮದಿಯಾಗಿದ್ದರು. ಪರದೆಗೆ ಹಸಿರು ಮತ್ತು ಕೆಂಪು ಬಿಟ್ಟರೆ ಮೂರನೆಯ ಬಣ್ಣವೇ ಗೊತ್ತಿರಲಿಲ್ಲ.

ಅವತ್ತು ಕಾಲೇಜಿನಿಂದ ಅರ್ಥಶಾಸ್ತ್ರದ ಮೇಡಂ ತಮ್ಮ ವಿದ್ಯಾರ್ಥಿಗಳನ್ನು ಕರೆತಂದಿದ್ದರು. ಏರುವ ಪೇಟೆ ಗೂಳಿ, ಇಳಿಯುವ ಪೇಟೆ ಕರಡಿ ಎಂದು ಪಾಠ ನಡೆದಿತ್ತು. ಅಷ್ಟರಲ್ಲಿ ಸಿಸ್ಟರಮ್ಮನ ಕಂಪನಿಯ ಸಾಲು ಕೆಂಪಾಗಿ ಮಿನುಗಿತು. ನಿನ್ನೆ ಆರುನೂರ ನಲವತ್ತು, ಇವತ್ತು ಮುನ್ನೂರ ಇಪ್ಪತ್ತು. ನೋಡಿ, ಕುಸಿತ ಅಂದರೆ ಇದೇ ಎಂದು ಮೇಡಂ ಬೊಟ್ಟುಮಾಡಿ ತೋರಿಸಿದರು. ವಿದ್ಯಾರ್ಥಿಗಳು ಬರೆದುಕೊಂಡರು. ಸಿಸ್ಟರಮ್ಮನ ಜೀವ ಬಾಯಿಗೆ ಬಂತು.

ಮೂಲೆಯ ಬೆಂಚಿನಲ್ಲಿ ಖಾಯಂ ಕೂರುವ ಗಿರಾಕಿಯೊಬ್ಬ ಇದನ್ನೇ ಕಾಯುತ್ತಿದ್ದವನಂತೆ ಎದ್ದು ಬಂದ. ಪಾಪ, ನಾಳೆ ಇದೂ ಸಿಗುವುದಿಲ್ಲ, ಇವತ್ತಿನ ದರಕ್ಕೆ ತಾನೇ ಕೊಂಡುಕೊಳ್ಳುತ್ತೇನೆ, ದಲ್ಲಾಳಿ ಕಮಿಷನ್ನೂ ಉಳಿಯುತ್ತದೆ ಎಂದು ಜೇನು ಸುರಿಸಿದ. ಒಂದು ಕಾಗದ ಬರೆದು ಮೇಲಿನ ಎರಡು ಸಾಲು ಗಟ್ಟಿಯಾಗಿ ಓದಿದ. ಮೂರನೆಯ ಸಾಲನ್ನು ನುಂಗಿಕೊಂಡ. ಚೀಟಿ ಹಿಡಿದು ಹಿಂದೆ ನಿಂತಿದ್ದ ಸುಣ್ಣಣ್ಣ ಅದನ್ನು ಓದಿಬಿಟ್ಟ: ಈ ಷೇರುಗಳ ಮೇಲೆ ಬರಬೇಕಾದುದೆಲ್ಲವೂ ಕೊಂಡವರಿಗೆ ಸೇರತಕ್ಕದ್ದು.

ಬರಬೇಕಾಗಿದ್ದದ್ದು ಇನ್ನೂರು ಬೋನಸ್ ಷೇರು. ಸುಣ್ಣಣ್ಣ ಬೆಳಿಗ್ಗೆಯೇ ಪ್ರಕಟಣೆ ಓದಿದ್ದ. ಸಹಿ ಬಿದ್ದರೆ ಆಕೆಯ ಅರ್ಧ ಬದುಕು ಮೂಲೆಯ ಬೆಂಚಿನ ಪಾಲು. ತಡೆಯಬಲ್ಲ ಕಚೇರಿಯ ಯಜಮಾನರು ಬ್ಯಾಂಕಿಗೆ ಹೋಗಿದ್ದರು. ಸುಣ್ಣಣ್ಣ ಬಾಯಿ ತೆರೆದ. ಹಲಗೆ ಹೋದರೂ ಕಟ್ಟುಪಾಡು ಹೋಗಿರಲಿಲ್ಲ, ಮತ್ತೆ ಮುಚ್ಚಿದ. ಸಿಸ್ಟರಮ್ಮ ಪೆನ್ನು ತೆಗೆದುಕೊಂಡರು.

ಅವನ ಕೈ ಜೇಬಿಗೆ ಹೋಯಿತು. ಹಜಾರದ ಬಾಗಿಲಿಗೆ ಕಡು ಹಸಿರು ಬಣ್ಣ. ದಡದಡ ಹೋಗಿ ಅದರ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ಕಂಪನಿಯ ಹೆಸರು ಬರೆದ, ೩೨೦ ಎಂದು ಬರೆದ, ಕೆಳಗೆ ಈ ತುದಿಯಿಂದ ಆ ತುದಿಗೆ ಒಂದು ಹಳದಿ ಗೆರೆ ಎಳೆದ. ಸುಣ್ಣದ ಕಿರ್ರೆಂಬ ಸದ್ದಿಗೆ ಹಳೆಯ ಗಿರಾಕಿಗಳೆಲ್ಲ ಒಟ್ಟಿಗೆ ತಿರುಗಿದರು.

ಸಿಸ್ಟರಮ್ಮನೂ ತಿರುಗಿದರು. ಕಣ್ಣು ಕಿರಿದು ಮಾಡಿ ನೋಡಿದರು.

"ಹಳದಿ ಅಲ್ವೇನಪ್ಪ ಅದು?" ಎಂದರು.

ಅವನು ಹೌದೆಂದು ತಲೆಯಾಡಿಸಿದ. ಆಕೆ ಪೆನ್ನಿಗೆ ಮುಚ್ಚಳ ಹಾಕಿ ಕಾಗದವನ್ನು ಮಡಚಿ ಚೀಲಕ್ಕೆ ಸೇರಿಸಿದರು. ಮೂಲೆಯ ಬೆಂಚಿನವನಿಗೆ ಅದೇ ಗಳಿಗೆಯಲ್ಲಿ ಎಲ್ಲೋ ತುರ್ತು ಕೆಲಸ ನೆನಪಾಯಿತು.

ಯಜಮಾನರು ಮರಳಿದಾಗ ಬಾಗಿಲ ಮುಂದೆ ಗುಂಪು. ಇದ್ಯಾರ ಕೆಲಸ ಎಂದು ಗದರಿದರು. ಸುಣ್ಣಣ್ಣ ಮುಂದೆ ಬಂದ. "ನಾನು ಮಾತಾಡ್ಲಿಲ್ಲ ಯಜಮಾನ್ರೆ, ಬರ್ದೆ ಅಷ್ಟೆ," ಎಂದ. ಸಿಸ್ಟರಮ್ಮ ಚೀಲದಿಂದ ಕಾಗದ ತೆಗೆದು ಕೊಟ್ಟರು. ಯಜಮಾನರು ಮೂರನೆಯ ಸಾಲಿನವರೆಗೆ ಓದಿ, ಬಾಗಿಲನ್ನು ಯಾರೂ ಒರೆಸಕೂಡದು ಎಂದು ಹೇಳಿ ಒಳಗೆ ಹೋದರು.

ಗೆರೆಯ ಅರ್ಥವನ್ನು ಹಳೆಯ ಗಿರಾಕಿಗಳಿಂದ ಕೇಳಿ ತಿಳಿದ ಮೇಡಂ ಮಾತ್ರ ನಾಚಿಕೆಯಿಂದ ಕೆಂಪೇರಿ ನಿಂತಿದ್ದರು. ಪುಸ್ತಕದಲ್ಲಿದ್ದ ಬೋನಸ್ಸಿನ ಪಾಠವನ್ನು ಇಪ್ಪತ್ತು ವರ್ಷ ಮಾಡಿದ್ದರೂ ಕಣ್ಣೆದುರು ಬಂದಾಗ ಗುರುತು ಸಿಕ್ಕಿರಲಿಲ್ಲ. ಆದರೆ ದೊಡ್ಡ ಮನಸ್ಸಿನ ಹೆಂಗಸು. ವಿದ್ಯಾರ್ಥಿಗಳ ಎದುರೇ ತಪ್ಪು ಒಪ್ಪಿಕೊಂಡು, ಬರೆದದ್ದನ್ನು ಹೊಡೆದುಹಾಕಿಸಿದರು. ಶನಿವಾರ ಕಾಲೇಜಿಗೆ ಬಂದು ಪಾಠ ಹೇಳಬೇಕೆಂದು ಸುಣ್ಣಣ್ಣನನ್ನು ಕೇಳಿಕೊಂಡರು. ಯಜಮಾನರ ಅಪ್ಪಣೆಯನ್ನೂ ತಾವೇ ಪಡೆದರು.

ಶನಿವಾರ ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು ಅವನು ತರಗತಿಯ ಕರಿಹಲಗೆಯ ಮುಂದೆ ನಿಂತ. ಮೊದಲ ಬೆಂಚಿನಲ್ಲಿ ಸಿಸ್ಟರಮ್ಮ, ಕೊನೆಯ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದ ಮೇಡಂ. ಷೇರು, ಮುಖಬೆಲೆ, ಡಿವಿಡೆಂಡ್, ಬೋನಸ್ ಎಂದು ಮುತ್ತಿನಂಥ ಅಕ್ಷರಗಳಲ್ಲಿ ಬರೆದ. ಆಮೇಲೆ ಅಭ್ಯಾಸಬಲದಿಂದ ಸುಮ್ಮನೆ ನಿಂತುಬಿಟ್ಟ.

"ಹೇಳಪ್ಪ, ಇಲ್ಲಿ ಯಾರೂ ಬೈಯಲ್ಲ," ಎಂದರು ಸಿಸ್ಟರಮ್ಮ.

ಸುಣ್ಣಣ್ಣ ತರಗತಿಯ ಕಡೆ ತಿರುಗಿದ.

"ಒಂದು ಗಜ ಬಟ್ಟೆ ಇದೆ ಅಂದ್ಕೊಳ್ಳಿ," ಎಂದು ಶುರು ಮಾಡಿದವನು ಗಂಟೆ ಹೊಡೆಯುವವರೆಗೂ ನಿಲ್ಲಿಸಲಿಲ್ಲ. ಕೊನೆಗೆ ಕೈಯ ಪುಡಿ ಕೊಡವಿಕೊಳ್ಳುತ್ತಾ ಹೇಳಿದ: "ಇದನ್ನೆಲ್ಲ ಮನೇಲಿ ಹೇಳಿ, ಪಕ್ಕದ ಮನೇಲೂ ಹೇಳಿ. ಯಾವ ಷೇರು ಕೊಳ್ಳಿ ಅಂತ ನಾನು ಹೇಳ್ದೇ ಇದ್ದದ್ದು ಸರಿ. ಷೇರು ಅಂದ್ರೇನು ಅಂತ ಹೇಳ್ದೇ ಇದ್ನಲ್ಲ, ಅದು ಮಾತ್ರ ತಪ್ಪಾಯ್ತು."